‘ಟಾರ್ನಿಷ್’: ಒಂದು ಪದ, ಮೂರು ಅವಧಿ

ನನ್ನ ಬೋಧನಾ ವಿಷಯಗಳು ಭೌತವಿಜ್ಞಾನ ಮತ್ತು ಗಣಿತ. ಬೋಧನಾಭ್ಯಾಸದ ಮೂರನೇ ವಾರದಲ್ಲಿ ಒಂಬತ್ತನೇ ತರಗತಿಯ ಇಂಗ್ಲಿಷ್ ಶಿಕ್ಷಕಿ ತರಬೇತಿಗೆ ಹೋಗಿದ್ದರಿಂದ ಅವರ ಎರಡು ಅವಧಿಗಳು ನನ್ನ ಪಾಲಿಗೆ ಬಂದವು. ನಿಜ ಹೇಳಬೇಕೆಂದರೆ, ಮಕ್ಕಳಿಗೆ ಏನಾದರೂ ಬರೆಯಲು ಕೊಟ್ಟು ಬಾಕಿ ಉಳಿದಿದ್ದ ನನ್ನ ಪಾಠಯೋಜನೆಗಳನ್ನು ಮುಗಿಸಿಕೊಳ್ಳುವ ಯೋಚನೆಯಲ್ಲಿ ತರಗತಿಗೆ ಹೋದೆ. ಆ ಶಾಲೆಯಲ್ಲಿ ಕಾರಿಡಾರಿನ ಹಲಗೆಗೆ ದಿನವೂ ಒಂದು ಇಂಗ್ಲಿಷ್ ಪತ್ರಿಕೆಯ ಕ್ರೀಡಾಪುಟವನ್ನು ಅಂಟಿಸುವ ರೂಢಿಯಿದೆ. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಅದರಿಂದ ಒಂದು ಪದವನ್ನು ಕೈಮೇಲೆ ಬರೆದುಕೊಂಡು ಬಂದಿದ್ದಳು. “ಮಿಸ್, ಟಾರ್ನಿಷ್ಡ್ ಇಮೇಜ್ ಅಂದ್ರೇನು?”

ಊಹಿಸಿ ಹೇಳಿ ಎಂದೆ. “ಟಾರ್ ಬಳಿಯೋದು ಮಿಸ್, ರಸ್ತೆಗೆ ಹಾಕ್ತಾರಲ್ಲ” ಎಂದ ಒಬ್ಬ. ಇನ್ನೊಬ್ಬ, ಅವನ ತಂದೆ ಮರಗೆಲಸ ಮಾಡುವವರು, “ವಾರ್ನಿಷ್ ಥರ ಇರಬೇಕು” ಎಂದ. ಎರಡೂ ತಪ್ಪು. ಆದರೆ ಎರಡರಲ್ಲೂ ಒಂದು ಹೊಳಹು ಇತ್ತೆಂಬುದು ನನಗೆ ಆಗ ಹೊಳೆಯಲಿಲ್ಲ. ಫೋನಿನಲ್ಲಿ ನಿಘಂಟು ನೋಡಿ ಕಪ್ಪುಹಲಗೆಯ ಮೇಲೆ ‘ಟಾರ್ನಿಷ್ ಎಂದರೆ ಕಳಂಕ ತರು, ಹೆಸರು ಕೆಡಿಸು’ ಎಂದು ಬರೆದೆ. ಒಂದು ಉದಾಹರಣೆ ಹೇಳಿ, ಎಲ್ಲರೂ ಎರಡೆರಡು ಸ್ವಂತ ವಾಕ್ಯ ಬರೆಯಿರಿ ಎಂದು ಕುಳಿತೆ.

ಬಂದ ವಾಕ್ಯಗಳಲ್ಲಿ ಕೆಲವು ಹೀಗಿದ್ದವು: ‘ಮೈ ಫ್ರೆಂಡ್ ಟಾರ್ನಿಷ್ಡ್ ಮಿ ಇನ್ ದಿ ಗ್ರೌಂಡ್.’ ‘ಮೈ ಯೂನಿಫಾರ್ಮ್ ಈಸ್ ಟಾರ್ನಿಷ್ಡ್ ಬೈ ಇಂಕ್.’ ‘ದಿ ಥೀಫ್ ಈಸ್ ವೆರಿ ಟಾರ್ನಿಷ್ಡ್.’ ಕಳಂಕ ತರು ಎಂಬ ಅರ್ಥವನ್ನು ಇಟ್ಟುಕೊಂಡು ಓದಿದರೆ ಇವುಗಳಲ್ಲಿ ಯಾವುದೂ ಮಕ್ಕಳ ತಪ್ಪಲ್ಲ. ಮೊದಲನೆಯವನಿಗೆ ಅವಮಾನವಾಗಿತ್ತು, ಎರಡನೆಯವಳ ಬಟ್ಟೆಗೆ ಕಲೆಯಾಗಿತ್ತು, ಕಳ್ಳನಂತೂ ಕಳಂಕಿತನೇ. ತಪ್ಪು ನನ್ನದು. ನಾನು ಅರ್ಥ ಕೊಟ್ಟಿದ್ದೆ, ಪದವನ್ನು ಕೊಟ್ಟಿರಲಿಲ್ಲ. ಮರುದಿನದ ಅವಧಿಯೂ ನನ್ನದೇ ಆಗಿದ್ದರಿಂದ ಅದನ್ನು ಈ ಒಂದೇ ಪದಕ್ಕೆ ಮೀಸಲಿಡಲು ಮಾರ್ಗದರ್ಶಕ ಶಿಕ್ಷಕರನ್ನು ಕೇಳಿದೆ. “ಒಂದು ಪದಕ್ಕೆ ನಲವತ್ತು ನಿಮಿಷವಾ?” ಎಂದು ನಕ್ಕು ಒಪ್ಪಿದರು.

ಆ ರಾತ್ರಿ ಸರಿಯಾಗಿ ನಿಘಂಟು ನೋಡಿದೆ. ರಸಾಯನಶಾಸ್ತ್ರ ಓದಿದ ನನಗೆ ಈ ಪದ ಮೊದಲೇ ಪರಿಚಯವಿತ್ತು, ಆದರೆ ಬೇರೆ ಕೋಣೆಯಲ್ಲಿ. ಬೆಳ್ಳಿ ಕಪ್ಪಾಗುವುದಕ್ಕೆ ನಾವು ಪದವಿಯಲ್ಲಿ ಬಳಸುತ್ತಿದ್ದ ಪದವೇ ಇದು. ಹೆಸರಿಗೆ ಬಂದದ್ದು ಲೋಹದಿಂದ. ಮೂಲದಲ್ಲಿ ಫ್ರೆಂಚ್ ಕ್ರಿಯಾಪದ ‘ತೆರ್ನೀರ್’, ಮಂಕು ಮಾಡು, ಹೊಳಪು ಕುಂದಿಸು ಎಂದು ಅರ್ಥ. ಫಿನಿಷ್, ಪಾಲಿಷ್, ಪನಿಷ್ ಎಂಬ ಪದಗಳೂ ಫ್ರೆಂಚ್‌ನಿಂದ ಇದೇ ರೀತಿಯಲ್ಲಿ ‘ಇಷ್’ ಎಂಬ ಬಾಲ ಹೊತ್ತು ಇಂಗ್ಲಿಷಿಗೆ ಬಂದವು. ಟಾರ್ ಎಂದರೆ ಡಾಂಬರಿಗೂ ಇದಕ್ಕೂ ಸಂಬಂಧವಿಲ್ಲ. ಆದರೆ ‘ಮಂಕು ಮಾಡು’ ಎಂದು ಓದಿದ ಕೂಡಲೇ ನನಗೆ ನೆನಪಾದದ್ದು ನಮ್ಮದೇ ‘ಕಳೆಗುಂದು’. ಮುಖ ಕಳೆಗುಂದಿತು ಎನ್ನುತ್ತೇವೆ, ಊರು ಕಳೆಗುಂದಿತು ಎನ್ನುತ್ತೇವೆ. ಕಳೆ ಇದ್ದದ್ದು ಮಾತ್ರ ಕುಂದಬಲ್ಲದು. ಕಳ್ಳನ ವಾಕ್ಯ ಏಕೆ ಸರಿಹೋಗುವುದಿಲ್ಲ ಎಂಬುದಕ್ಕೆ ಇಲ್ಲೇ ಉತ್ತರವಿತ್ತು. ಟಾರ್ನಿಷ್ ಆಗಬೇಕಾದರೆ ಮೊದಲು ಹೊಳಪಿರಬೇಕು.

ಮರುದಿನ ಬೋಧನೋಪಕರಣವಾಗಿ ಮನೆಯಿಂದ ಒಂದು ಬೆಳ್ಳಿಯ ಕುಂಕುಮ ಭರಣಿ ತೆಗೆದುಕೊಂಡು ಹೋದೆ. ವರ್ಷಕ್ಕೊಮ್ಮೆ ವರಮಹಾಲಕ್ಷ್ಮಿ ಹಬ್ಬಕ್ಕೆ ಬೀರುವಿನಿಂದ ಹೊರಬರುವ ಪದಾರ್ಥ ಅದು, ಪೂರ್ತಿ ಕಪ್ಪಾಗಿತ್ತು. ಪೂರ್ವಜ್ಞಾನ ಪರೀಕ್ಷೆಯ ಪ್ರಶ್ನೆ ಒಂದೇ: ಇದು ಯಾವುದರಿಂದ ಮಾಡಿದ್ದು? ಅರ್ಧ ತರಗತಿ ಕಬ್ಬಿಣ ಎಂದಿತು. ತಳದ ಅಂಚಿನಲ್ಲಿ ಉಗುರಿನಷ್ಟು ಜಾಗ ಉಜ್ಜಿ ತೋರಿಸಿದೆ, ಬಿಳಿ ಹೊಳಪು ಕಂಡಿತು. ಆಮೇಲೆ ನಾನು ನಿಲ್ಲಿಸಬೇಕಾಗಿಯೇ ಬರಲಿಲ್ಲ. ಅಜ್ಜಿ ವಿಭೂತಿ ಹಚ್ಚಿ ಉಜ್ಜುತ್ತಾರೆ, ಅಮ್ಮ ಹಲ್ಲುಪುಡಿ ಹಾಕುತ್ತಾರೆ, ಹಿತ್ತಾಳೆ ದೀಪಕ್ಕಾದರೆ ಹುಣಸೆಹಣ್ಣು, ನಮ್ಮ ಮನೆಯಲ್ಲಿ ಎಲ್ಲದಕ್ಕೂ ಸಬೀನಾ. ಹಿತ್ತಾಳೆಯದು ಕಿಲುಬು, ಕಬ್ಬಿಣದ್ದು ತುಕ್ಕು, ಬೆಳ್ಳಿಯದಕ್ಕೆ ಏನನ್ನುತ್ತಾರೆ ಎಂದು ಕೇಳಿದೆ. “ಕಪ್ಪಾಗಿದೆ ಅಂತಾರೆ ಅಷ್ಟೇ” ಎಂದಳೊಬ್ಬಳು. ಅದು ಸರಿಯಾದ ಉತ್ತರ. ಹೀಗೆ ಮಂಕಾಗುವುದಕ್ಕೆ ಇಂಗ್ಲಿಷ್ ಒಂದು ಪ್ರತ್ಯೇಕ ಪದವನ್ನೇ ಇಟ್ಟುಕೊಂಡಿದೆ ಎಂದು ಹೇಳಿ, ಭರಣಿಯನ್ನು ಕೈಯಿಂದ ಕೈಗೆ ದಾಟಿಸಲು ಕೊಟ್ಟೆ.

ಇಲ್ಲಿ ನಡೆದದ್ದನ್ನು ನನ್ನ ಅವಲೋಕನ ಪುಸ್ತಕದಲ್ಲಿ ಯಾರೂ ಬರೆದಿಲ್ಲ, ಏಕೆಂದರೆ ಅದು ಯಾರಿಗೂ ಕಾಣಲಿಲ್ಲ. ಕೊನೆಯ ಸಾಲಿನಲ್ಲಿ ಒಬ್ಬ ಹುಡುಗ ಕೂರುತ್ತಾನೆ. ಆ ಶಾಲೆಗೆ ನಾನು ಹೋದ ಮೊದಲ ದಿನವೇ ಸಿಬ್ಬಂದಿ ಕೊಠಡಿಯಲ್ಲಿ ಒಬ್ಬರು ಅವನ ಹೆಸರು ಹೇಳಿ, “ಅವನ ಮೇಲೆ ಒಂದು ಕಣ್ಣಿಡಿ, ಹೋದ ವರ್ಷ ಲ್ಯಾಬಿನ ಸ್ಟಾಪ್‌ವಾಚ್ ಹೋಯಿತು” ಎಂದಿದ್ದರು. ನಾನು ಮತ್ತೇನೂ ಕೇಳಿರಲಿಲ್ಲ. ಭರಣಿ ಅವನ ಪಕ್ಕದವನ ಕೈಗೆ ಬಂದಾಗ ನಾನು ಕಪ್ಪುಹಲಗೆಯ ಬಳಿಯಿಂದ ಅಲ್ಲಿಗೆ ನಡೆದುಹೋಗಿದ್ದೆ. ಹೋಗಬೇಕೆಂದು ಯೋಚಿಸಿರಲಿಲ್ಲ, ಕಾಲು ಹೋಯಿತು. ಅವನು ಕೈ ಚಾಚುವಷ್ಟರಲ್ಲಿ “ಸಾಕು, ಸಮಯ ಆಯ್ತು” ಎಂದು ಭರಣಿಯನ್ನು ತೆಗೆದುಕೊಂಡುಬಿಟ್ಟೆ. ಅವನ ನಂತರ ಇನ್ನೂ ಮೂರು ಮಕ್ಕಳು ಉಳಿದಿದ್ದರು. ಅವರಿಗೂ ಕೊಡದೆ ವಾಪಸು ಬಂದೆ, ಪಕ್ಷಪಾತ ಕಾಣದಿರಲಿ ಎಂದು. ಅವನು ಕೈಯನ್ನು ಮೆಲ್ಲನೆ ಬೆಂಚಿನ ಮೇಲಿಟ್ಟುಕೊಂಡ.

ಪಾಠ ಮುಂದುವರಿಸಿದೆ. ಹತ್ತನೇ ತರಗತಿಯ ‘ಲೋಹಗಳು ಮತ್ತು ಅಲೋಹಗಳು’ ಪಾಠದಲ್ಲಿ ಬರುವ ವಿಷಯವನ್ನು ಒಂಬತ್ತರವರಿಗೆ ತಕ್ಕಂತೆ ಹೇಳಿದೆ. ಬೆಳ್ಳಿಗೆ ಗಾಳಿಯ ಆಮ್ಲಜನಕದೊಂದಿಗೆ ಅಷ್ಟಾಗಿ ಜಗಳವಿಲ್ಲ, ಗಂಧಕದೊಂದಿಗೆ ಇದೆ. ಗಾಳಿಯಲ್ಲಿ ಅತಿ ಕಡಿಮೆ ಪ್ರಮಾಣದಲ್ಲಿರುವ ಹೈಡ್ರೋಜನ್ ಸಲ್ಫೈಡ್ ಬೆಳ್ಳಿಯ ಮೇಲ್ಮೈಗೆ ತಾಗಿ ಬೆಳ್ಳಿಯ ಸಲ್ಫೈಡ್ ಎಂಬ ಕಪ್ಪು ಪೊರೆ ಕಟ್ಟುತ್ತದೆ. ಕೊಳೆತ ಮೊಟ್ಟೆಯ ವಾಸನೆ ಬರುವುದು ಈ ಅನಿಲದಿಂದಲೇ. ಬೇಯಿಸಿದ ಮೊಟ್ಟೆ ತಾಗಿದರೆ ಬೆಳ್ಳಿ ಚಮಚ ಬೇಗ ಕಪ್ಪಾಗುತ್ತದೆ, ಗಂಧಕ ಸೇರಿಸಿ ತಯಾರಿಸಿದ ರಬ್ಬರ್ ಬ್ಯಾಂಡ್ ಸುತ್ತಿಟ್ಟರೂ ಅಷ್ಟೆ. ಪೊರೆ ತೆಳು, ಒಳಗಿನ ಬೆಳ್ಳಿ ಹಾಗೇ ಇರುತ್ತದೆ. ತುಕ್ಕು ಹಾಗಲ್ಲ. ಅದು ಪುಡಿಪುಡಿಯಾಗಿ ಉದುರಿ ಒಳಗಿನ ಕಬ್ಬಿಣವನ್ನು ಮತ್ತೆ ಗಾಳಿಗೆ ತೆರೆಯುತ್ತದೆ, ಗೇಟು ಸವೆದುಹೋಗುವವರೆಗೂ ಬಿಡುವುದಿಲ್ಲ. ಆದ್ದರಿಂದ ಇಂಗ್ಲಿಷಿನವರು ತುಕ್ಕು ಹಿಡಿದ ಗೇಟನ್ನು ಟಾರ್ನಿಷ್ಡ್ ಎನ್ನುವುದಿಲ್ಲ.

ಆಗ ಹಿಂದಿನ ಸಾಲಿನ ಅದೇ ಹುಡುಗ ಎದ್ದು ನಿಂತ. “ಮಿಸ್, ಬೆಳ್ಳಿ ತಾನೇ ಕಪ್ಪು ಮಾಡ್ಕೊಳ್ಳುತ್ತಾ, ಇಲ್ಲ ಗಾಳಿ ಮಾಡುತ್ತಾ?”

ಅವನು ಬೇರೇನನ್ನೋ ಮನಸ್ಸಿನಲ್ಲಿಟ್ಟು ಕೇಳಿದನೆಂದು ನಾನು ಹೇಳಲಾರೆ. ರಸಾಯನಶಾಸ್ತ್ರದ ಪ್ರಶ್ನೆಯಾಗಿಯೇ ಅದು ಚೆನ್ನಾಗಿತ್ತು. ಎರಡೂ ಬೇಕು ಎಂದೆ. ಅದೇ ಗಾಳಿಯಲ್ಲಿ ಚಿನ್ನ ಕಪ್ಪಾಗುವುದಿಲ್ಲ, ಅಂದರೆ ಬೆಳ್ಳಿಯ ಗುಣವೂ ಕಾರಣ. ಗಾಳಿ ಆಡದಂತೆ ಮುಚ್ಚಿಟ್ಟರೆ ಬೆಳ್ಳಿಯೂ ಬಹುಕಾಲ ಹೊಳೆಯುತ್ತದೆ, ಅಂದರೆ ಗಾಳಿಯೂ ಕಾರಣ. ಆದರೆ ಉತ್ತರ ಹೇಳುತ್ತಿರುವಾಗಲೇ ನನಗೆ ಅವನ ಮಾತಿನ ವ್ಯಾಕರಣ ಕಿವಿಗೆ ಬಿತ್ತು. ಮಾಡ್ಕೊಳ್ಳುತ್ತಾ, ಮಾಡುತ್ತಾ. ನನ್ನ ಪಾಠಯೋಜನೆಯಲ್ಲಿ ಇಲ್ಲದ ಕಲಿಕಾಂಶ ಅಲ್ಲಿಂದ ಹುಟ್ಟಿತು. ಹಲಗೆಯ ಮೇಲೆ ಮೂರು ವಾಕ್ಯ ಬರೆದೆ:

ಅವನ ಹೆಸರು ಕೆಟ್ಟಿತು.
ಅವನ ಹೆಸರು ಕೆಡಿಸಿದರು.
ಅವನು ಹೆಸರು ಕೆಡಿಸಿಕೊಂಡ.

ಕನ್ನಡದಲ್ಲಿ ಈ ಮೂರಕ್ಕೂ ಕ್ರಿಯಾಪದದ ರೂಪವೇ ಬೇರೆ. ಕೆಡು ಎಂದರೆ ತಾನಾಗಿ ಆದದ್ದು, ಯಾರು ಮಾಡಿದರೆಂದು ಹೇಳುವುದಿಲ್ಲ. ‘ಇಸು’ ಸೇರಿದರೆ ಮಾಡಿದವರು ಒಬ್ಬರಿದ್ದಾರೆ. ‘ಕೊಳ್ಳು’ ಸೇರಿದರೆ ಮಾಡಿದವನೂ ಅನುಭವಿಸಿದವನೂ ಒಬ್ಬನೇ. ಮೂರನೇ ತರಗತಿಯ ಮಗುವೂ ಇವನ್ನು ತಪ್ಪಿಲ್ಲದೆ ಆಡುತ್ತದೆ. ಇಂಗ್ಲಿಷಿನ ಟಾರ್ನಿಷ್ ಮಾತ್ರ ಮೂರಕ್ಕೂ ಒಂದೇ ರೂಪ. ವ್ಯತ್ಯಾಸವನ್ನು ವಾಕ್ಯದ ಉಳಿದ ಪದಗಳಿಂದ ತರಬೇಕು. ‘ಹಿಸ್ ನೇಮ್ ವಾಸ್ ಟಾರ್ನಿಷ್ಡ್’ ಎಂದರೆ ಕೆಟ್ಟಿತು. ‘ದೇ ಟಾರ್ನಿಷ್ಡ್ ಹಿಸ್ ನೇಮ್’ ಎಂದರೆ ಕೆಡಿಸಿದರು. ‘ಹಿ ಟಾರ್ನಿಷ್ಡ್ ಹಿಸ್ ಓನ್ ನೇಮ್’ ಎಂದರೆ ಕೆಡಿಸಿಕೊಂಡ. ನಮ್ಮ ‘ಕೊಳ್ಳು’ ಮಾಡುವ ಕೆಲಸವನ್ನು ಅಲ್ಲಿ ‘ಓನ್’ ಎಂಬ ಪುಟ್ಟ ಪದ ಮಾಡುತ್ತದೆ. ಪತ್ರಿಕೆಗಳ ‘ಟಾರ್ನಿಷ್ಡ್ ಇಮೇಜ್’ ಎಂಬ ಎರಡೇ ಪದಗಳಲ್ಲಿ ಮಾಡಿದವರು ಯಾರೆಂಬುದು ಮಾಯವಾಗಿರುತ್ತದೆ. ಹಲಗೆಯಲ್ಲಿ ನೋಡಿದ ಪದವನ್ನು ಇನ್ನೊಮ್ಮೆ ಓದಿ, ಯಾರು ಮಾಡಿದ್ದೆಂದು ಆ ಎರಡು ಪದಗಳಿಂದ ತಿಳಿಯುತ್ತದೆಯೇ ನೋಡಿ ಎಂದೆ. ತಿಳಿಯುವುದಿಲ್ಲ ಎಂದು ಒಪ್ಪಿದರು.

ಬಳಕೆಯ ಇನ್ನೊಂದು ನಿಯಮವನ್ನು ಮಕ್ಕಳ ತಪ್ಪುಗಳಿಂದಲೇ ಎತ್ತಿಕೊಂಡೆ. ಈ ಕ್ರಿಯಾಪದದ ಕರ್ಮ ಸಾಮಾನ್ಯವಾಗಿ ಮನುಷ್ಯನಲ್ಲ, ಅವನಿಗೆ ಸೇರಿದ ಹೊಳಪು: ನೇಮ್, ಇಮೇಜ್, ರೆಪ್ಯುಟೇಷನ್, ರೆಕಾರ್ಡ್, ಲೆಗಸಿ. ಗೆಳೆಯ ಮೈದಾನದಲ್ಲಿ ಬೈದರೆ ‘ಇನ್ಸಲ್ಟೆಡ್ ಮಿ’. ಯೂನಿಫಾರ್ಮಿಗೆ ಇಂಕು ಬಿದ್ದರೆ ‘ಸ್ಟೇನ್ಡ್’. ಲೋಹದ ವಿಷಯದಲ್ಲಿ ‘ಸಿಲ್ವರ್ ಟಾರ್ನಿಷಸ್’ ಎಂದು ಕರ್ಮವಿಲ್ಲದೆಯೂ ಹೇಳಬಹುದು, ಹೆಸರಿನ ವಿಷಯದಲ್ಲಿ ಹಾಗೆ ಹೇಳುವುದು ವಿರಳ.

ಹತ್ತಿರದ ಪದಗಳ ಪಟ್ಟಿ ಮಾಡಿಸುವಾಗ ಮೊದಲ ದಿನದ ‘ಟಾರ್ ಬಳಿಯುವ’ ಹುಡುಗ ಉಪಯೋಗಕ್ಕೆ ಬಂದ. ಅವನು ಹೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಬೇರೆ ಪದವಿದೆ, ‘ಸ್ಮಿಯರ್’. ಅದು ನಮ್ಮ ‘ಮಸಿ ಬಳಿ’ಗೆ ಸರಿಜೋಡಿ. ಬಳಿಯುವ ಕೈಯೊಂದು ಇದ್ದೇ ಇರುತ್ತದೆ, ಬೇಕೆಂದೇ ಬಳಿಯುತ್ತದೆ. ‘ಬ್ಲಾಟ್’ ಎಂದರೆ ನಮ್ಮ ಕಪ್ಪುಚುಕ್ಕೆ. ಒಂದೇ ಘಟನೆ, ಒಂದೇ ಜಾಗ. ‘ಡಿಫೇಮ್’ ಎಂದರೆ ಮಾನಹಾನಿ ಮಾಡು. ಅದಕ್ಕೆ ಕಾನೂನೇ ಇದೆ, ಹಿಂದೆ ಭಾರತೀಯ ದಂಡ ಸಂಹಿತೆಯ 499 ಮತ್ತು 500ನೇ ಕಲಂ, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ. ಕನ್ನಡ ಪತ್ರಿಕೆಗಳು ಟಾರ್ನಿಷ್ ಬಂದಲ್ಲೆಲ್ಲ ‘ವರ್ಚಸ್ಸಿಗೆ ಧಕ್ಕೆ’ ಎಂದು ಬರೆಯುವುದು ನನಗೆ ಅಷ್ಟು ಒಪ್ಪಿಗೆಯಿಲ್ಲ. ಧಕ್ಕೆ ಎಂದರೆ ಏಟು, ಒಂದೇ ಕ್ಷಣದ್ದು. ಪೊರೆ ಕಟ್ಟುವುದರ ನಿಧಾನ ಅದರಲ್ಲಿಲ್ಲ. ‘ಹೆಸರು ಮಂಕಾಯಿತು’, ‘ಹೆಸರು ಮಾಸಿತು’ ಎಂದರೆ ಹತ್ತಿರವಾದೀತು. ವಾರ್ನಿಷ್ ಎಂದ ಹುಡುಗನಿಗೂ ಪಾಲು ಸಿಕ್ಕಿತು. ಎರಡೂ ಮೇಲ್ಮೈಯ ಪೊರೆಗಳೇ, ಒಂದು ಹೊಳಪು ಕೊಡುತ್ತದೆ, ಒಂದು ಕಳೆಯುತ್ತದೆ. ಅವನು ಇದನ್ನು ಪುಸ್ತಕದಲ್ಲಿ ಚೌಕ ಹಾಕಿ ಬರೆದುಕೊಂಡ.

ಮೂರು ರೂಪಗಳಿಗೆ ಉದಾಹರಣೆ ಬೇಕಿತ್ತು. ‘ಕೆಡಿಸಿಕೊಂಡ’ಕ್ಕೆ ಕ್ರಿಕೆಟ್ ಸಾಕಾಯಿತು. 2018ರ ಮಾರ್ಚಿನಲ್ಲಿ ಕೇಪ್‌ಟೌನ್ ಟೆಸ್ಟ್‌ನಲ್ಲಿ ಆಸ್ಟ್ರೇಲಿಯಾದ ಕ್ಯಾಮೆರಾನ್ ಬ್ಯಾಂಕ್ರಾಫ್ಟ್ ಉಪ್ಪುಕಾಗದದಿಂದ ಚೆಂಡನ್ನು ಉಜ್ಜಿದ್ದು ಕ್ಯಾಮೆರಾದಲ್ಲಿ ಸಿಕ್ಕಿತು. ನಾಯಕ ಸ್ಟೀವ್ ಸ್ಮಿತ್ ಮತ್ತು ಉಪನಾಯಕ ಡೇವಿಡ್ ವಾರ್ನರ್‌ಗೆ ಒಂದು ವರ್ಷ, ಬ್ಯಾಂಕ್ರಾಫ್ಟ್‌ಗೆ ಒಂಬತ್ತು ತಿಂಗಳ ನಿಷೇಧವಾಯಿತು. ಮರಳಿ ಬಂದ ಸ್ಮಿತ್ 2019ರ ಆ್ಯಷಸ್ ಸರಣಿಯಲ್ಲಿ ನಾಲ್ಕೇ ಟೆಸ್ಟ್ ಆಡಿ 774 ರನ್ ಗಳಿಸಿದರು. ಹಾಗಾದರೆ ಈಗ ಟಾರ್ನಿಷ್ ಹೋಯಿತೇ ಎಂದು ಕೇಳಿದೆ. ತರಗತಿ ಎರಡು ಭಾಗವಾಯಿತು, ಗಂಟೆ ಹೊಡೆಯಿತು.

‘ಕೆಡಿಸಿದರು’ ಎಂಬುದಕ್ಕೆ ಉದಾಹರಣೆ ಕೊಟ್ಟದ್ದು ಸಮಾಜವಿಜ್ಞಾನದ ಸಹಪ್ರಶಿಕ್ಷಣಾರ್ಥಿ. ಫ್ರೆಂಚ್ ಸೇನೆಯ ಅಧಿಕಾರಿ ಆಲ್ಫ್ರೆಡ್ ಡ್ರೇಫಸ್‌ನನ್ನು 1894ರಲ್ಲಿ ಬೇಹುಗಾರನೆಂದು ತೀರ್ಮಾನಿಸಿ, ಸೈನಿಕರ ಎದುರು ಅವನ ಪದವಿಚಿಹ್ನೆಗಳನ್ನು ಕಿತ್ತು, ಡೆವಿಲ್ಸ್ ಐಲ್ಯಾಂಡ್ ಎಂಬ ದ್ವೀಪಕ್ಕೆ ಕಳುಹಿಸಿದರು. ಆಧಾರವಾಗಿದ್ದ ಪತ್ರವನ್ನು ಬರೆದವನು ಬೇರೊಬ್ಬ ಅಧಿಕಾರಿ. ಡ್ರೇಫಸ್ ನಿರ್ದೋಷಿ ಎಂದು ನ್ಯಾಯಾಲಯ ಸಾರಿದ್ದು 1906ರಲ್ಲಿ. ಇದನ್ನು ನಾನು ಮೂರನೇ ದಿನ, ನನ್ನದೇ ವಿಜ್ಞಾನ ಅವಧಿಯ ಮೊದಲ ಐದು ನಿಮಿಷದಲ್ಲಿ ಹೇಳಿದೆ. “ಹನ್ನೆರಡು ವರ್ಷ” ಎಂದು ಯಾರೋ ಲೆಕ್ಕ ಹಾಕಿದರು. ಇಲ್ಲಿ ಟಾರ್ನಿಷ್ ಸಾಲದು, ಸ್ಮಿಯರ್ ಬೇಕು ಎಂದು ಮೊದಲ ದಿನ ಪದ ತಂದಿದ್ದ ಹುಡುಗಿ ಹೇಳಿದಳು. ಆ ವಾರದಲ್ಲಿ ನಾನು ಕೇಳಿದ ಅತ್ಯುತ್ತಮ ಉತ್ತರ ಅದು.

ಆ ಅವಧಿಗೆ ಮೊದಲು ಪ್ರಯೋಗದ ಸಾಮಾನು ತರಲು ಲ್ಯಾಬಿಗೆ ಹೋಗಿದ್ದೆ. ಸಮಯ ಅಳೆಯಲು ಸ್ಟಾಪ್‌ವಾಚ್ ಇದೆಯೇ ಎಂದಾಗ ಸಹಾಯಕರು ಡ್ರಾಯರಿನಿಂದ ತೆಗೆದುಕೊಟ್ಟು, “ಹೋದ ವರ್ಷ ಕಳೆದುಹೋಗಿತ್ತಲ್ಲ, ಇದೇ. ಸುಣ್ಣ ಹೊಡೆಯೋಕೆ ಬೀರು ಸರಿಸಿದಾಗ ಹಿಂದುಗಡೆ ಬಿದ್ದಿತ್ತು” ಎಂದರು. ಯಾವಾಗ ಸಿಕ್ಕಿತು ಎಂದು ಕೇಳಿದೆ. ಬೇಸಿಗೆ ರಜೆಯಲ್ಲಂತೆ. ಅಂದರೆ ನಾನು ಆ ಶಾಲೆಗೆ ಹೋಗುವುದಕ್ಕೆ ಎಷ್ಟೋ ತಿಂಗಳು ಮೊದಲು. ವಾಚು ಸಿಕ್ಕಿದ ಸುದ್ದಿ ಡ್ರಾಯರಿನಲ್ಲೇ ಉಳಿದಿತ್ತು, ಕಳೆದುಹೋದ ಸುದ್ದಿ ಮಾತ್ರ ಮೊದಲ ದಿನವೇ ನನ್ನ ಕೈಗೆ ಬಂದಿತ್ತು.

ಸ್ಟಾಪ್‌ವಾಚನ್ನು ಅವನ ಕೈಗೇ ಕೊಡೋಣ ಎಂದು ಒಂದು ಕ್ಷಣ ಅನಿಸಿತು. ಇಡೀ ತರಗತಿಯ ಮುಂದೆ ಅದೊಂದು ನಾಟಕವಾಗುತ್ತಿತ್ತು, ಹಳೆಯದನ್ನು ಎಲ್ಲರಿಗೂ ನೆನಪಿಸಿದಂತೆಯೂ ಆಗುತ್ತಿತ್ತು. ವಾಚನ್ನು ಅಲ್ಲೇ ಬಿಟ್ಟು ಫೋನಿನಲ್ಲಿ ಸಮಯ ನೋಡಿದೆ. ಭರಣಿಯನ್ನು ಈ ಸಲ ಹಿಂದಿನ ಸಾಲಿನಿಂದ ದಾಟಿಸಲು ಶುರುಮಾಡಿದೆ, ಎಲ್ಲರ ಕೈಗೂ ಹೋಯಿತು. ಪ್ರಯೋಗಕ್ಕೆ ಕರೆದ ನಾಲ್ವರಲ್ಲಿ ಅವನೂ ಇದ್ದ. ಬೋಗುಣಿಯೊಳಗೆ ಅಲ್ಯೂಮಿನಿಯಂ ಹಾಳೆ ಹರಡಿ, ಎರಡು ಚಮಚ ಅಡುಗೆ ಸೋಡ ಹಾಕಿ, ಬಿಸಿನೀರು ಸುರಿದು, ಭರಣಿಯನ್ನು ಹಾಳೆಗೆ ತಾಗುವಂತೆ ಮುಳುಗಿಸಿದ್ದು ಅವನೇ. ಸ್ವಲ್ಪ ಹೊತ್ತಿಗೆ ಮೊಟ್ಟೆಯ ವಾಸನೆ ಸಣ್ಣಗೆ ಬಂದು ಮಕ್ಕಳು ಮೂಗು ಮುಚ್ಚಿಕೊಂಡರು. ಎಂಟು ನಿಮಿಷದಲ್ಲಿ ಭರಣಿಯ ಹೊಟ್ಟೆಯ ಭಾಗ ಬಿಳಿಯಾಯಿತು, ಕುಸುರಿ ಕೆಲಸದ ಸಂದಿಗಳಲ್ಲಿ ಕಪ್ಪು ಉಳಿಯಿತು.

ವಿವರಣೆ ಇಷ್ಟೇ: ಅಲ್ಯೂಮಿನಿಯಂ ಬೆಳ್ಳಿಗಿಂತ ಹೆಚ್ಚು ಕ್ರಿಯಾಶೀಲ ಲೋಹ. ಸೋಡದ ದ್ರಾವಣದಲ್ಲಿ ಎರಡೂ ತಾಗಿದಾಗ ಅದು ಎಲೆಕ್ಟ್ರಾನುಗಳನ್ನು ಬಿಟ್ಟುಕೊಡುತ್ತದೆ, ಸಲ್ಫೈಡಿನಲ್ಲಿ ಸಿಕ್ಕಿಕೊಂಡಿದ್ದ ಬೆಳ್ಳಿ ಮತ್ತೆ ಬೆಳ್ಳಿಯಾಗುತ್ತದೆ, ಗಂಧಕ ಬಿಡುಗಡೆಯಾಗುತ್ತದೆ. ವಿಭೂತಿಯಿಂದ ಉಜ್ಜಿದಾಗ ಆಗುವುದು ಬೇರೆ. ಅಲ್ಲಿ ಕಪ್ಪು ಪೊರೆ ಕಿತ್ತುಬರುತ್ತದೆ, ಅದರೊಂದಿಗೆ ಅದರೊಳಗಿನ ಬೆಳ್ಳಿಯೂ ಹೋಗುತ್ತದೆ. ವರ್ಷ ವರ್ಷ ಉಜ್ಜಿದ ಪಾತ್ರೆಯ ಕೆತ್ತನೆ ಸವೆಯುವುದು ಅದಕ್ಕೆ. ಈ ವ್ಯತ್ಯಾಸದ ಮೇಲೆ ಇನ್ನೂ ಹತ್ತು ನಿಮಿಷ ನಿಲ್ಲಬೇಕಿತ್ತು, ಆಗಲಿಲ್ಲ. ಅವಲೋಕಕರು ‘ಸಮಯಪಾಲನೆ ಸುಧಾರಿಸಬೇಕು, ಇಂಗ್ಲಿಷ್ ಮತ್ತು ವಿಜ್ಞಾನ ಬೆರೆತಿವೆ’ ಎಂದು ಬರೆದಿದ್ದಾರೆ. ಮೊದಲರ್ಧವನ್ನು ಒಪ್ಪುತ್ತೇನೆ.

ಅವಧಿ ಮುಗಿದ ಮೇಲೆ ಅವನು ನಲ್ಲಿಯ ಹತ್ತಿರ ಬೋಗುಣಿ ತೊಳೆಯುತ್ತಿದ್ದ. ಬೇರೆ ಯಾರೂ ಇರಲಿಲ್ಲ. “ಮೊನ್ನೆ ಭರಣಿ ನಿನ್ನ ಹತ್ತಿರ ಬಂದಾಗ ನಾನು ಹಾಗೆ ತಗೋಬಾರದಿತ್ತು” ಎಂದೆ. ಅವನು ನನ್ನನ್ನು ನೋಡಲಿಲ್ಲ. “ಬೋಗುಣಿ ಎಲ್ಲಿಡಲಿ ಮಿಸ್?” ಎಂದ. ಲ್ಯಾಬಿನಲ್ಲಿ ಎಂದೆ. ಒಬ್ಬನೇ ಹೋಗಿ ಇಟ್ಟು ಬಂದ. ಸಿಬ್ಬಂದಿ ಕೊಠಡಿಯಲ್ಲಿ ನನಗೆ ಎಚ್ಚರಿಕೆ ಹೇಳಿದ್ದವರಿಗೆ ವಾಚು ಸಿಕ್ಕಿದ ವಿಷಯವನ್ನು ಆ ಮಧ್ಯಾಹ್ನ ತಿಳಿಸಿದೆ. “ಹೌದಾ? ಗೊತ್ತೇ ಇರಲಿಲ್ಲ” ಎಂದರು.

ಗೃಹಪಾಠದಲ್ಲಿ ‘ಟಾರ್ನಿಷ್ಡ್ ಮಿ’ ಎಂದು ಬರೆದವರು ಇನ್ನೂ ನಾಲ್ವರಿದ್ದರು, ಅವರೊಂದಿಗೆ ಮತ್ತೆ ಕೂತೆ. ಅವನ ಪುಸ್ತಕದಲ್ಲಿದ್ದ ವಾಕ್ಯ: ‘ದಿ ಬಾಕ್ಸ್ ವಾಸ್ ಟಾರ್ನಿಷ್ ಬೈ ಏರ್.’ ‘ಟಾರ್ನಿಷ್ಡ್’ ಎಂದು ತಿದ್ದಿ ಸಹಿ ಮಾಡಿದೆ.

ಮುಂದಿನ ತಂಡದವರು ಯಾರಾದರೂ ಇದನ್ನು ಮಾಡುವುದಾದರೆ ನಾಲ್ಕು ಮಾತು. ಬೆಳ್ಳಿ ಹಾಳೆಗೆ ತಾಗಲೇಬೇಕು, ತಾಗದಿದ್ದರೆ ಏನೂ ಆಗುವುದಿಲ್ಲ. ನೀರು ಕುದಿಯುವಷ್ಟು ಬಿಸಿಯಿದ್ದರೆ ಬೇಗ ಆಗುತ್ತದೆ, ಅದನ್ನು ಸುರಿಯುವ ಕೆಲಸ ಶಿಕ್ಷಕರದ್ದು. ಹರಳು ಕೂಡಿಸಿದ ಒಡವೆಯನ್ನಾಗಲಿ, ಬೇಕೆಂದೇ ಕಪ್ಪು ಬಿಟ್ಟಿರುವ ಕೆತ್ತನೆಯ ಬೆಳ್ಳಿಯನ್ನಾಗಲಿ ಇದರಲ್ಲಿ ಹಾಕಬೇಡಿ. ಮತ್ತು ಪದಾರ್ಥವನ್ನು ತರಗತಿಯಲ್ಲಿ ದಾಟಿಸುವಾಗ ಕೊನೆಯ ಬೆಂಚಿನವರೆಗೂ ಹೋಗುವಷ್ಟು ಸಮಯವನ್ನು ಯೋಜನೆಯಲ್ಲೇ ಬರೆದಿಟ್ಟುಕೊಳ್ಳಿ, ನನ್ನ ತರಗತಿಗೆ ಆರು ನಿಮಿಷ ಹಿಡಿಯಿತು.